ಏಣಿಯೂ ಸಟ್ಟುಗವೂ

ಉಡುಪಿಯ ಪರ್ಯಾಯಕ್ಕೆ ವರ್ಷವೊಂದು ಇರುವಾಗಲೇ ಬಾಳೆ ಮುಹೂರ್ತ ನಡೆಯುತ್ತದೆ. ಆ ಬಳಿಕ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಬಾಳೆಗೆ, ಅಕ್ಕಿಗೆ, ಸೌದೆಗೆ, ಭತ್ತಕ್ಕೆ ಶುಭ ಘಳಿಗೆ ನೋಡುವ ನಾವು ಪ್ರಶ್ನೆಗೆ ಮಾತ್ರ ಇನ್ನೂ ಮುಹೂರ್ತ ಇಟ್ಟಿಲ್ಲ. ಪೀಠದಲ್ಲಿ ಕುಳಿತವರು ಅಲ್ಲಿಗೆ ಹೇಗೆ ಬಂದರು ಎಂದು ಕೇಳಿದರೆ 'ದೇವರ ಸಂಕಲ್ಪ' ಎಂಬ ಉತ್ತರ ಸಿದ್ಧವಾಗಿಯೇ ಇದೆ. ದೇವರ ಹೆಸರು ಬಂದ ಮೇಲೆ ಮಾತು ಮುಗಿಯಿತು. ಹೊರೆಕಾಣಿಕೆಯ ಕುಂಬಳಕಾಯಿಯನ್ನು ಲಾರಿಗೆ ಏರಿಸಿ ನಾವು ಮನೆಗೆ ಮರಳುತ್ತೇವೆ.

ಯಾರ ಭಕ್ತಿಯನ್ನೂ ಹಗುರ ಮಾಡುವ ಆಸೆ ಈ ಲೇಖನಕ್ಕಿಲ್ಲ. ಏರಿದವರ ಯೋಗ್ಯತೆ ಬೇರೆ ಮಾತು, ಏಣಿಯ ಸ್ವಭಾವ ಬೇರೆ ಮಾತು. ಒಳ್ಳೆಯವರು ಹತ್ತಿದರು ಎಂಬ ಕಾರಣಕ್ಕೆ ಏಣಿ ಒಳ್ಳೆಯದಾಗುವುದಿಲ್ಲ. ಇಲ್ಲಿ ನೋಡಹೊರಟಿರುವುದು ಏಣಿಯನ್ನು ಮಾತ್ರ.

ಉಡುಪಿಯ ಕೃಷ್ಣಪೂಜೆ ಅಷ್ಟಮಠಗಳಿಗೆ ಸರದಿಯಲ್ಲಿ ಬರುತ್ತದೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದುದನ್ನು 16ನೆಯ ಶತಮಾನದಲ್ಲಿ ವಾದಿರಾಜರು ಎರಡು ವರ್ಷಕ್ಕೆ ಏರಿಸಿದರು. ಎಂಟು ಮಠ, ಎರಡೆರಡು ವರ್ಷ: ಒಂದು ಮಠಕ್ಕೆ ಸರದಿ ಮರಳಿ ಬರಬೇಕಾದರೆ 16 ವರ್ಷ ಕಾಯಬೇಕು. ಮಗ್ಗಿ ಬಲ್ಲ ಯಾರಿಗಾದರೂ ಮುಂದಿನ ಲೆಕ್ಕ ತಾನಾಗಿ ಹೊಳೆಯುತ್ತದೆ. ಮೂವತ್ತರಲ್ಲಿ ಸನ್ಯಾಸ ಪಡೆದವನಿಗೆ ಹೆಚ್ಚೆಂದರೆ ಮೂರೋ ನಾಲ್ಕೋ ಪರ್ಯಾಯ. ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ ಪಡೆದರೆ ಐದು. ಪೇಜಾವರದ ವಿಶ್ವೇಶತೀರ್ಥರು 1931ರಲ್ಲಿ ಹುಟ್ಟಿ 1938ರಲ್ಲಿ ಸನ್ಯಾಸ ಪಡೆದವರು. 1952, 1968, 1984, 2000, 2016: ಹೀಗೆ ಐದು ಪರ್ಯಾಯಗಳನ್ನು ಕಂಡು, 2019ರ ಡಿಸೆಂಬರಿನಲ್ಲಿ ತೀರಿಕೊಂಡರು. ದಲಿತರ ಕೇರಿಗೆ ನಡೆದು ಹೋದವರು, 2017ರಲ್ಲಿ ಮಠದ ಆವರಣದಲ್ಲೇ ಇಫ್ತಾರ್ ಏರ್ಪಡಿಸಿದವರು ಎಂಬುದನ್ನು ಅವರ ವಿರೋಧಿಗಳೂ ಒಪ್ಪುತ್ತಾರೆ. ಆದರೆ ಏಳು ವರ್ಷದ ಮಗು ಯಾವುದನ್ನು ತ್ಯಜಿಸುತ್ತದೆ? ಗೋಲಿಯನ್ನೇ, ಉಪ್ಪು ಹಚ್ಚಿದ ಮಾವಿನಕಾಯಿಯನ್ನೇ? ಸಂಸಾರವನ್ನು ನೋಡಿಯೇ ಇಲ್ಲದವನ ಕೈಯಲ್ಲಿ ಸಂಸಾರವನ್ನು ಬಿಡಿಸುವುದು ಬಹಳ ಸುಲಭ.

ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಲನ್ನೂ ಹತ್ತಿತು. ಶೀರೂರು ಮಠದ ಲಕ್ಷ್ಮೀವರತೀರ್ಥರು 2018ರ ಜುಲೈಯಲ್ಲಿ ಉತ್ತರಾಧಿಕಾರಿಯನ್ನು ಹೆಸರಿಸದೆಯೇ ತೀರಿಕೊಂಡರು. ದ್ವಂದ್ವ ಮಠವೆಂಬ ನೆಲೆಯಲ್ಲಿ ಸೋದೆ ಮಠದವರು 2021ರಲ್ಲಿ 16ರ ಹುಡುಗನೊಬ್ಬನನ್ನು ಆರಿಸಿ ಪೀಠಕ್ಕೆ ತಂದರು. ಪ್ರಾಯ ತುಂಬದವನಿಗೆ ಸನ್ಯಾಸವೇ ಎಂದು ಕೇಳಿದ ಅರ್ಜಿಯನ್ನು ಅದೇ ವರ್ಷದ ಸಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ವಜಾ ಮಾಡಿತು. ಕಾನೂನಿನ ಅಡ್ಡಿ ಇಲ್ಲ ಎಂಬುದು ತೀರ್ಪಿನ ಸಾರ. ಸರಿಯೇ. ನಮ್ಮ ದೇಶದಲ್ಲಿ ಕಾರು ಬಿಡಲು ಹದಿನೆಂಟು ತುಂಬಬೇಕು. ಸಂಸಾರ ಬಿಡಲು ತುಂಬಬೇಕಾಗಿಲ್ಲ.

ಇದು ನಮ್ಮ ಹಳೆಯ ಧರ್ಮದ ಜಡ್ಡು, ಹೊಸ ಪಂಥಗಳಲ್ಲಿ ಹೀಗಿರಲಾರದು ಎನ್ನುವವರು ಅಮೆರಿಕದ ಕಡೆಗೆ ಒಮ್ಮೆ ನೋಡಬೇಕು. ಅಲ್ಲಿಯ ಮಾರ್ಮನ್ ಸಭೆ ಹುಟ್ಟಿದ್ದು 1830ರಲ್ಲಿ. ಸ್ಥಾಪಕ ಜೋಸೆಫ್ ಸ್ಮಿತ್ 1844ರಲ್ಲಿ ಗುಂಪೊಂದರ ಗುಂಡಿಗೆ ಬಲಿಯಾದಾಗ, ಮುಂದಿನ ಪ್ರವಾದಿ ತಾನೇ ಎಂದು ಹಲವರು ಎದ್ದು ನಿಂತರು. ಗೆದ್ದ ಬ್ರಿಗಂ ಯಂಗ್ ಅನುಯಾಯಿಗಳನ್ನು ಕಟ್ಟಿಕೊಂಡು 1847ರಲ್ಲಿ ಸಾಲ್ಟ್ ಲೇಕ್ ಕಣಿವೆಗೆ ನಡೆದ. ಇಂಥ ರಂಪ ಮತ್ತೆ ಆಗದಿರಲೆಂದು ಕಾಲಕ್ರಮದಲ್ಲಿ ಒಂದು ಕ್ರಮ ಗಟ್ಟಿಯಾಯಿತು: ಅಧ್ಯಕ್ಷ ತೀರಿಕೊಂಡರೆ, ಅಪೊಸ್ತಲರ ಸಾಲಿಗೆ ಎಲ್ಲರಿಗಿಂತ ಮೊದಲು ಸೇರಿದವನೇ ಮುಂದಿನ ಅಧ್ಯಕ್ಷ, ಅವನೇ ದೇವರ ಪ್ರವಾದಿ. ಜ್ಞಾನವಲ್ಲ, ತಪಸ್ಸಲ್ಲ, ಸಾಲಿಗೆ ಸೇರಿದ ತಾರೀಕು ಮುಖ್ಯ. ರೇಶನ್ ಅಂಗಡಿಯ ಸಾಲಿಗೂ ಇದೇ ನ್ಯಾಯ.

ತಾರೀಕಿನ ಮಹಿಮೆಗೆ ಉದಾಹರಣೆ ಬೇಕೆ? ಹೃದಯದ ಶಸ್ತ್ರವೈದ್ಯ ರಸೆಲ್ ನೆಲ್ಸನ್, ನ್ಯಾಯಾಧೀಶ ಡ್ಯಾಲಿನ್ ಓಕ್ಸ್ ಇಬ್ಬರನ್ನೂ 1984ರ ಏಪ್ರಿಲಿನ ಒಂದೇ ಸಮ್ಮೇಳನದಲ್ಲಿ ಕರೆಯಲಾಯಿತು. ನ್ಯಾಯಾಲಯದ ಕೆಲಸ ಬಾಕಿಯಿದ್ದ ಓಕ್ಸರಿಗೆ ದೀಕ್ಷೆಯಾದದ್ದು ಮೂರು ವಾರ ತಡವಾಗಿ, ಮೇ 3ರಂದು. ನೆಲ್ಸನ್ 2018ರ ಜನವರಿಯಲ್ಲಿ ತಮ್ಮ 93ರಲ್ಲಿ ಪ್ರವಾದಿಯಾದರು. 2025ರ ಸಪ್ಟೆಂಬರಿನಲ್ಲಿ 101ರಲ್ಲಿ ತೀರಿಕೊಂಡರು. ಮುಂದಿನ ತಿಂಗಳು ಓಕ್ಸ್ ಪ್ರವಾದಿಯಾದರು. ಅವರಿಗೂ ಆಗ 93! 36ರಲ್ಲೇ ಸಾಲಿಗೆ ಸೇರಿದ ಥಾಮಸ್ ಮಾನ್ಸನ್ನರೂ 80ರವರೆಗೆ ಕಾಯಬೇಕಾಗಿ ಬಂದಿತ್ತು. ದೇವರು ಆರಿಸುತ್ತಾನೆ ಎನ್ನುತ್ತಾರೆ. ಆದರೆ ಆತ ಪ್ರತಿಸಲವೂ ಹಿರಿತನದ ಪಟ್ಟಿಯ ಮೊದಲ ಹೆಸರಿನ ಮೇಲೆಯೇ ಬೆರಳಿಡುತ್ತಾನೆ. ಒಮ್ಮೆಯೂ ಎರಡನೆಯ ಸಾಲಿಗೆ ಇಳಿದದ್ದಿಲ್ಲ.

ಎಳೆತನದ ಏಣಿ, ಮುದಿತನದ ಏಣಿ ಬೇರೆಬೇರೆ ಕಂಡರೂ ಮರ ಒಂದೇ. ಎರಡರಲ್ಲೂ ಬೇಗ ಸೇರಿ ಬಹುಕಾಲ ಬದುಕುವುದೇ ಸಾಧನೆ. ಎರಡರಲ್ಲೂ ಬಾಗಿಲ ಕೀಲಿಕೈ ಒಳಗಿರುವವರ ಬಳಿಯೇ ಇದೆ: ಶಿಷ್ಯನನ್ನು ಗುರು ಆರಿಸುತ್ತಾನೆ, ಅಪೊಸ್ತಲನನ್ನು ಅಧ್ಯಕ್ಷ ಆರಿಸುತ್ತಾನೆ. ಎರಡರಲ್ಲೂ ಹೆಂಗಸರು ಏಣಿಯ ಬುಡದಲ್ಲಿ ಬಡಿಸುತ್ತಲೋ ಹಾಡುತ್ತಲೋ ಇರಬೇಕು. 1970ರಲ್ಲಿ ಜಗದ್ಗುರು ಪೀಠವೇರಿದ ಮಾತೆ ಮಹಾದೇವಿಯವರಂಥ ಅಪವಾದ ಕನ್ನಡ ನಾಡಿನಲ್ಲಿ ಎಷ್ಟಿವೆ? ಸಾಲ್ಟ್ ಲೇಕಿನ ಸಮ್ಮೇಳನದಲ್ಲಿ ಹೆಸರುಗಳನ್ನು ಓದಿದಾಗ ಸದಸ್ಯರು ಬಲಗೈ ಎತ್ತಿ ಅನುಮೋದಿಸುತ್ತಾರೆ. ನಾವು ಎರಡೂ ಕೈ ಎತ್ತಿ ಮುಗಿಯುತ್ತೇವೆ. ವ್ಯತ್ಯಾಸ ಒಂದು ಕೈಯದ್ದು.

ಹಾಗಾದರೆ ಓಟು ಹಾಕಿಸಿದರೆ ಸರಿಹೋಗುವುದೇ? ನಮ್ಮ ನೆರೆಮನೆಯ ಮಲಯಾಳಿಗಳು ಈ ಪಾಠವನ್ನೂ ಓದಿಯಾಗಿದೆ. ಜಾತಿ ಕೇಳಬೇಡಿ ಎಂದ ನಾರಾಯಣ ಗುರುಗಳ ಶಿವಗಿರಿಯಲ್ಲಿ ಸನ್ಯಾಸಿಗಳು ಚುನಾವಣೆ ನಡೆಸಿದರು. ಸೋತವರ ಕಡೆಯಿಂದ ಗೆದ್ದವರ ಕಡೆಗೆ ಅಧಿಕಾರ ದಾಟಿಸಲು 1995ರ ಅಕ್ಟೋಬರಿನಲ್ಲಿ ಪೊಲೀಸರೇ ಲಾಠಿ ಹಿಡಿದು ಒಳಹೋಗಬೇಕಾಯಿತು. ಏರುವ ದಾರಿ ತೆರೆದರೆ ಸಾಲದು, ಇಳಿಯುವ ಮನಸ್ಸೂ ಇರಬೇಕು ಎಂಬುದು ಆ ಲಾಠಿಯ ಉಪದೇಶ.

ಇದೆಲ್ಲ ಕಾಸರಗೋಡಿನ ಕನ್ನಡಿಗರಾದ ನಮಗೆ ಏಕೆ? ಏಕೆಂದರೆ 1956ರ ನವೆಂಬರ್ 1ರ ಬಳಿಕ ಇಲ್ಲಿ ಕನ್ನಡಕ್ಕೆ ಉಳಿದ ಮಾಡುಗಳು ಕೆಲವೇ: ಶಾಲೆ, ಯಕ್ಷಗಾನ, ದೇವಸ್ಥಾನ, ಮಠ, ಸಂಘ. ಸರಕಾರ ಕೊಡದ ನೆರಳನ್ನು ಇವು ಕೊಟ್ಟಿವೆ. ಎಡನೀರು ಮಠವನ್ನೇ ನೋಡಿ. 1960ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಪೀಠಕ್ಕೆ ಬಂದ ಕೇಶವಾನಂದ ಭಾರತೀ ಸ್ವಾಮಿಗಳು 2020ರ ಸಪ್ಟೆಂಬರ್ 6ರಂದು ತೀರಿಕೊಳ್ಳುವವರೆಗೆ ಅರುವತ್ತು ವರ್ಷ ಅಲ್ಲಿದ್ದರು. ಸ್ವತಃ ಭಾಗವತಿಕೆ ಮಾಡಿದರು, ಮಠದ ಆಸರೆಯಲ್ಲಿ ಶಾಲೆಯೂ ಯಕ್ಷಗಾನವೂ ಬೆಳೆದವು. ಇಂಥ ಪೀಠಕ್ಕೆ ಯಾರು ಬರುತ್ತಾರೆ ಎಂಬುದರ ಮೇಲೆ ನಮ್ಮ ಮಕ್ಕಳ ಕನ್ನಡವೂ ಒಂದಿಷ್ಟು ನಿಂತಿದೆ. ನಮ್ಮ ಪುಣ್ಯ, ಅಲ್ಲಿಗೆ ಕನ್ನಡದ ಪ್ರೀತಿಯುಳ್ಳವರು ಬಂದರು. ಆದರೆ ಪುಣ್ಯವನ್ನು ನಂಬಿ ಎಷ್ಟು ಕಾಲ ಕೂರುವುದು?

ಅದೇ ಸ್ವಾಮಿಗಳ ಹೆಸರು ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಇದೆ. ಕೇರಳದ ಭೂಸುಧಾರಣೆಯಿಂದ ಮಠದ ಜಮೀನು ಹೋಗುವುದನ್ನು ತಡೆಯಲು 1970ರಲ್ಲಿ ಹೂಡಿದ ದಾವೆಯನ್ನು 13 ಮಂದಿ ನ್ಯಾಯಾಧೀಶರು 68 ದಿನ ಕೇಳಿದರು. 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಅಧಿಕಾರ ಸಂಸತ್ತಿಗೂ ಇಲ್ಲ ಎಂದರು. ಜಮೀನು ಉಳಿಯಲಿಲ್ಲ, ತತ್ವ ಉಳಿಯಿತು. ಎಷ್ಟು ಬಹುಮತವಿದ್ದರೂ ಗದ್ದುಗೆಗೊಂದು ಮಿತಿ ಇದೆ ಎಂಬ ಮಾತು ದಿಲ್ಲಿಗೆ ತಲುಪಿದ್ದು ನಮ್ಮ ಎಡನೀರಿನ ದಾರಿಯಾಗಿ. ದಿಲ್ಲಿಯ ಗದ್ದುಗೆಗೆ ಒಪ್ಪುವ ಮಾತು ನಮ್ಮ ಊರಿನ ಗದ್ದುಗೆಗಳಿಗೆ ಒಪ್ಪುವುದಿಲ್ಲವೇ?

ಮಠಗಳನ್ನು ಬಿಡಿ, ನಮ್ಮ ಸಂಘಗಳಿಗೇ ಬನ್ನಿ. ನಾನು ಬಲ್ಲ ಒಂದು ಕನ್ನಡ ಸಂಘದಲ್ಲಿ ವರ್ಷ ವರ್ಷವೂ ಮಹಾಸಭೆ ನಡೆಯುತ್ತದೆ. 'ಹಿಂದಿನವರೇ ಮುಂದುವರಿಯಲಿ' ಎಂದು ಒಬ್ಬರು ಸೂಚಿಸುತ್ತಾರೆ, ಇನ್ನೊಬ್ಬರು ಅನುಮೋದಿಸುತ್ತಾರೆ, ಅಷ್ಟರಲ್ಲಿ ಚಾ, ಗೋಳಿಬಜೆ ಬರುತ್ತದೆ. ಒಮ್ಮೆ ನಾನು ಎದ್ದು ಲೆಕ್ಕಪತ್ರ ಓದಿರೆಂದೆ. 'ಮಲಯಾಳದವರ ಎದುರು ನಮ್ಮ ಒಗ್ಗಟ್ಟು ಮುರಿಯಬೇಡಿ ಮಾರಾಯ್ರೇ' ಎಂದು ಹಿರಿಯರು ಕೂರಿಸಿದರು. ನಾನು ಕೂತೆ; ಗೋಳಿಬಜೆ ತಿಂದೆ. ಆ ದಿನ ಕೂತದ್ದಕ್ಕೆ ಇಂದೂ ನಾಚಿಕೆಯಾಗುತ್ತದೆ. ಅಲ್ಪಸಂಖ್ಯಾತರೆಂಬ ಭಯ ನಮ್ಮ ಬಾಯಿಗೆ ಹಾಕಿದ ಬೀಗದ ಕೈ ಅಧ್ಯಕ್ಷರ ಕಿಸೆಯಲ್ಲಿತ್ತು. ಪ್ರಶ್ನೆ ಕೇಳಿದರೆ ಒಗ್ಗಟ್ಟು ಒಡೆಯುವುದಿಲ್ಲ. ಕೇಳದೆ ಇದ್ದುದರಿಂದ ಹುಡುಗರು ಸಭೆಗೆ ಬರುವುದನ್ನೇ ಬಿಟ್ಟರು.

ಪೀಠವಿಲ್ಲದೆಯೂ ಹಿರಿತನ ಸಾಧ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಮೇಷ್ಟ್ರು. ಯಾರೂ ಅವರಿಗೆ ಪಟ್ಟ ಕಟ್ಟಲಿಲ್ಲ, ಅವರು ಯಾವ ಸಾಲಿನಲ್ಲೂ ಕಾಯಲಿಲ್ಲ. 2015ರಲ್ಲಿ, ನೂರು ತುಂಬಿದ ಮೇಲೆ ಅವರು ತೀರಿಕೊಂಡಾಗ ಖಾಲಿಯಾದ ಜಾಗಕ್ಕೆ ಉತ್ತರಾಧಿಕಾರಿಯ ಜಗಳ ಹುಟ್ಟಲಿಲ್ಲ. ದುಡಿಮೆಯಿಂದ ಬಂದದ್ದಕ್ಕೆ ವಾರಸು ಹೂಡಲು ಬರುವುದಿಲ್ಲ.

ಹಾಗೆಂದು ಪರಂಪರೆಯನ್ನೆಲ್ಲ ತಳ್ಳಿಹಾಕಬೇಕಾಗಿಲ್ಲ. ಪರ್ಯಾಯದಲ್ಲಿ ನನಗೆ ತುಂಬ ಹಿಡಿಸಿದ್ದು ಪಲ್ಲಕ್ಕಿಯ ಮೆರವಣಿಗೆಯಲ್ಲ. ಜನವರಿ 18ರ ಬೆಳಗಿನ ಜಾವ, ಎರಡು ವರ್ಷ ಪೂಜಿಸಿದವರು ಅಕ್ಷಯಪಾತ್ರೆ, ಸಟ್ಟುಗ, ಗರ್ಭಗುಡಿಯ ಕೀಲಿಕೈಗಳನ್ನು ಮುಂದಿನವರ ಕೈಗೆ ಕೊಡುತ್ತಾರಲ್ಲ, ಆ ಒಂದು ಘಳಿಗೆ. ವಾದಿರಾಜರು ಏರುವ ದಾರಿಯ ಜೊತೆಗೆ ಇಳಿಯುವ ದಿನವನ್ನೂ ಬರೆದಿಟ್ಟರು. ನಮ್ಮ ಕಳಿಯಾಟದಲ್ಲೂ ಅಷ್ಟೇ: ಮುಡಿ ಏರಿದಾಗ ಊರಿನ ಗುರಿಕಾರರೂ ಕೈಮುಗಿದು ತೆಯ್ಯದ ಮುಂದೆ ನಿಲ್ಲುತ್ತಾರೆ. ಮುಡಿ ಇಳಿದ ಮೇಲೆ ಆತ ಬಣ್ಣ ತೊಳೆದು, ಮನುಷ್ಯನಾಗಿ ಮನೆಗೆ ನಡೆಯುತ್ತಾನೆ. ಇಳಿಯಲಿಕ್ಕಿದೆ ಎಂಬ ಅರಿವು ಇದ್ದುದರಿಂದಲೇ ಏರಿದ್ದಕ್ಕೆ ಮರ್ಯಾದೆ.

ಮುಂದಿನ ಮಹಾಸಭೆಯಲ್ಲಿ ನಾನು ಮತ್ತೆ ಏಳುವವನಿದ್ದೇನೆ. ಯಾರು ಏರಬೇಕೆಂದು ಕೇಳುವುದಿಲ್ಲ. ಸಟ್ಟುಗ ದಾಟಿಸುವ ದಿನ ಯಾವುದು ಎಂದಷ್ಟೇ ಕೇಳುತ್ತೇನೆ. ಆಗ ಗೋಳಿಬಜೆ ಬಂದರೆ, ನೀವಾದರೂ ಒಂದು ಘಳಿಗೆ ತಟ್ಟೆಗೆ ಕೈಹಾಕದೆ ಇರಿ.