ಒಂದು ಕ್ರಿಯಾಪದ, ಒಂದು ಅಲ್ಪವಿರಾಮ: ದ್ವಿಭಾಷಾ ಕೋಶಗಳಲ್ಲಿ 'ಜಾಯಿನ್'

ಇಂಗ್ಲಿಷ್-ಕನ್ನಡ ನಿಘಂಟುಗಳು 'ಜಾಯಿನ್' ಪದಕ್ಕೆ ಸಾಮಾನ್ಯವಾಗಿ ಸೇರು, ಕೂಡು, ಜೋಡಿಸು, ಬೆಸೆ ಎಂಬ ಸಾಲನ್ನು ಕೊಡುತ್ತವೆ. ಇವುಗಳ ನಡುವಿನ ಅಲ್ಪವಿರಾಮವೇ ಈ ಲೇಖನದ ತಕರಾರು. ಅದು ಸಮಾನಾರ್ಥವನ್ನು ಸೂಚಿಸುತ್ತದೆ. ಭಾಷೆ ಅದನ್ನು ಒಪ್ಪುವುದಿಲ್ಲ.

'ಕೂಡು' ಸಮಬಂಧವನ್ನು ಬಯಸುತ್ತದೆ. ಕೃಷ್ಣೆಯೂ ಮಲಪ್ರಭೆಯೂ ಕೂಡಲಸಂಗಮದಲ್ಲಿ ಕೂಡುತ್ತವೆ. 'ಸೇರು' ವಿಷಮಬಂಧಿ: ನದಿ ಕಡಲನ್ನು ಸೇರುತ್ತದೆ, ಕಡಲು ನದಿಯನ್ನು ಸೇರದು. ಇದರ ವಿಭಕ್ತಿವರ್ತನೆ ಇನ್ನೂ ಸೂಕ್ಷ್ಮ. 'ಕಾಲೇಜು ಸೇರಿದಳು', 'ಕಾಲೇಜಿಗೆ ಸೇರಿದಳು' ಎರಡೂ ಸಾಧು, ಅರ್ಥವೂ ಬಹುಮಟ್ಟಿಗೆ ಒಂದೇ. ಆದರೆ 'ಮನೆ ಸೇರಿದಳು' ಎಂದರೆ ತಲುಪಿದಳು. 'ಆ ಮನೆಗೆ ಸೇರಿದವಳು' ಎಂದರೆ ಆ ಮನೆಯವಳು. 'ನನಗೆ ಬದನೆಕಾಯಿ ಸೇರುವುದಿಲ್ಲ' ಎಂಬಲ್ಲಿ ಕೂಡುವಿಕೆಯ ನೆರಳೂ ಕಷ್ಟದಿಂದ ಕಾಣುತ್ತದೆ. ಕಿಟೆಲ್ ತಮ್ಮ 1894ರ ಕೋಶದಲ್ಲಿ ಕನ್ನಡ ಪದಗಳಿಗೆ ಗಾದೆಗಳನ್ನೂ ಪ್ರಯೋಗಗಳನ್ನೂ ಒದಗಿಸಿದರು. ಎದುರು ದಿಕ್ಕಿನ ಕೋಶಗಳಿಗೆ ಆ ಔದಾರ್ಯ ಬರಲಿಲ್ಲ.

ಹೋಲಿಕೆಗೆ ಇಂಡೊನೇಷ್ಯನ್ ಉಪಯುಕ್ತ. ಅಲ್ಲಿ ಸಂಘಟನೆಗೆ ಸೇರುವುದು 'ಬೆರ್ಗಾಬುಂಗ್', ಎರಡನ್ನು ಒಗ್ಗೂಡಿಸುವುದು 'ಮೆಂಗ್ಗಾಬುಂಗ್ಕಾನ್': ಧಾತು ಒಂದೇ, ಪ್ರತ್ಯಯ ಬೇರೆ. ನಮ್ಮ 'ಸೇರು-ಸೇರಿಸು' ಜೋಡಿಯೂ ಇದನ್ನೇ ಮಾಡುತ್ತದೆ; ಒಂದೇ ರೂಪದಲ್ಲಿ ಎರಡನ್ನೂ ಹೇಳುವುದು ಇಂಗ್ಲಿಷಿನ ವೈಶಿಷ್ಟ್ಯ. ಆದರೆ 'ಬೆರ್ಗಾಬುಂಗ್' ಸಾಮಾನ್ಯವಾಗಿ 'ದೆಂಗಾನ್' ಎಂಬ ಸಹಾರ್ಥಕವನ್ನು ಹಿಡಿಯುವಲ್ಲಿ ಕನ್ನಡ ಚತುರ್ಥಿಯನ್ನು ಹಿಡಿಯುತ್ತದೆ. ಅವರಿಗೆ ಅದು ಜೊತೆ, ನಮಗೆ ಗುರಿ. ತುದಿಗೆ ತುದಿ ಕೂಡಿಸಲು 'ಮೆನ್ಯಾಂಬುಂಗ್', ಹೊರಟವರೊಡನೆ ಹೋಗಲು 'ಇಕುತ್', ಶಾಲೆಗೋ ಸೇನೆಗೋ ಸೇರಲು 'ಮಾಸುಕ್', ಅಂದರೆ ಒಳಹೊಗುವುದು. ಇವನ್ನು ಅಲ್ಪವಿರಾಮದಿಂದ ಪೋಣಿಸಿದರೂ ಇದೇ ಅನ್ಯಾಯವಾಗುತ್ತದೆ.

ಕೋಶಗಳು ಬಿಡಿಸದ ಗಂಟನ್ನು ಆಡುಮಾತು ಬಿಡಿಸಿದೆ. ನಾನು ವಾಸಿಸುವ ಅರೆಕೆರೆಯಲ್ಲಿ ಕೆಲಸಕ್ಕೆ 'ಜಾಯಿನ್' ಆಗುತ್ತಾರೆ, ಮಗುವನ್ನು ಶಾಲೆಗೆ 'ಜಾಯಿನ್' ಮಾಡುತ್ತಾರೆ. ಒಡೆದ ಪೈಪನ್ನು ಮಾತ್ರ 'ಜಾಯಿಂಟ್' ಮಾಡುತ್ತಾರೆ. ಸದಸ್ಯತ್ವಕ್ಕೆ ಒಂದು ಎರವಲು, ಭೌತಿಕ ಬೆಸುಗೆಗೆ ಇನ್ನೊಂದು. 'ಕಂಪನಿಗೆ ಜಾಯಿನ್ ಆದೆ', 'ಕಂಪನಿ ಜಾಯಿನ್ ಆದೆ' ಎರಡೂ ಕೇಳಿಬರುವುದರಿಂದ ಎರವಲು 'ಸೇರು'ವಿನ ವಿಭಕ್ತಿವಿಕಲ್ಪವನ್ನೂ ಪಡೆದಿದೆ ಎನ್ನಬೇಕು. 'ಮನೆ ಜಾಯಿನ್ ಆದಳು' ಎಂದು ಯಾರೂ ತಲುಪುವ ಅರ್ಥದಲ್ಲಿ ಹೇಳುವುದಿಲ್ಲ. ಇದನ್ನು ಬರಿಯ ಭಾಷಾಮಿಶ್ರಣವೆಂದು ತಳ್ಳಿಹಾಕುವವರು ಒಂದು ಸುಸಂಬದ್ಧ ವ್ಯವಸ್ಥೆಯನ್ನೇ ಕಾಣದೆ ಹೋಗುತ್ತಾರೆ. (ಪ್ರಾಸಂಗಿಕವಾಗಿ, 'ಅರೆಕೆರೆ'ಯೂ ಪೂರ್ತಿ ಬೆಸೆದುಕೊಳ್ಳದ ಸಮಾಸವೇ: ದಾವಣಗೆರೆಯಲ್ಲಿ ಗಕಾರವಾದ ಕಕಾರ ಇಲ್ಲಿ ಹಾಗೆಯೇ ಉಳಿದಿದೆ.)

ತಪ್ಪಿನ ಬೆಲೆ ಈಗ ಪರದೆಗಳ ಮೇಲೆ ಕಾಣುತ್ತದೆ. ಗುಂಡಿಯೊಂದರ ಮೇಲೆ 'ಸಭೆ ಸೇರಿ' ಎಂದು ಅನುವಾದಿಸಿದರೆ ಓದುಗನಿಗೆ ಅದು ಆಹ್ವಾನವಾಗಿ ಕೇಳಿಸದೆ, 'ಸಭೆ ಸೇರಿತು' ಎಂಬುದರ ಬೆಂಬಲದಿಂದ, ಮುಗಿಯದ ವಾಕ್ಯದ ಕೃದಂತವಾಗಿ ಕೇಳಿಸುತ್ತದೆ. 'ಸಭೆಗೆ ಸೇರಿ' ಎಂದರೆ ಚತುರ್ಥಿ ಆ ಸಂದಿಗ್ಧವನ್ನು ಕಳೆಯುತ್ತದೆ. ಒಂದು ಪ್ರತ್ಯಯದ ಮಾಹಿತಿ ಸಾಕಿತ್ತು. ಆದ್ದರಿಂದ ಮುಂದಿನ ಪರಿಷ್ಕರಣಗಳು ಪ್ರತಿ ಸಂವಾದಿಪದದ ಪಕ್ಕದಲ್ಲಿ ಅದು ಬೇಡುವ ವಿಭಕ್ತಿಯನ್ನೂ ಒಂದು ಪೂರ್ಣ ವಾಕ್ಯವನ್ನೂ ಕೊಡಬೇಕು, 'ಜಾಯಿನ್ ಆಗು' ಎಂಬುದಕ್ಕೂ ಕನ್ನಡ ಭಾಗದಲ್ಲಿ ಸ್ವತಂತ್ರ ನಮೂದು ದೊರೆಯಬೇಕು.