ಸಂಶೋಧನೆಗೆ ಐದು ವರ್ಷ, ರದ್ದತಿಗೆ ಒಂದು ಸಾಲು

ವಿಜ್ಞಾನದ ಮಾತು ಬಂದಾಗಲೆಲ್ಲ ನಮಗೆ ಚಂದ್ರಯಾನ ನೆನಪಾಗುತ್ತದೆ. ಅಭಿಮಾನ ಪಡಬೇಕಾದ ಸಾಧನೆಯೇ ಅದು. ಆದರೆ ನಾಳಿನ ವಿಜ್ಞಾನಿಗಳು ರೂಪುಗೊಳ್ಳುವುದು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರಯೋಗಾಲಯಗಳಲ್ಲಿ. ಪಿಎಚ್‌ಡಿಗಾಗಿ ಐದಾರು ವರ್ಷ ಸವೆಸುವ ಅಲ್ಲಿನ ಯುವಕ ಯುವತಿಯರ ಬದುಕು ದಿಲ್ಲಿಯ ಒಂದು ತೀರ್ಮಾನದಿಂದ ಹೇಗೆ ತಲೆಕೆಳಗಾಗುತ್ತದೆ ಎಂಬುದನ್ನು ಮಾತ್ರ ನಾವು ಚರ್ಚಿಸುವುದೇ ಕಡಿಮೆ.

ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್‌ನ ಉದಾಹರಣೆಯನ್ನೇ ನೋಡೋಣ. 2006ರ ಸಾಚಾರ್ ಸಮಿತಿ ವರದಿಯ ಹಿನ್ನೆಲೆಯಲ್ಲಿ 2009ರಲ್ಲಿ ಇದು ಆರಂಭವಾಯಿತು. ಮುಸ್ಲಿಮರಿಗೆ ಮಾತ್ರವಲ್ಲ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ ಮತ್ತು ಜೈನ ಸಂಶೋಧನಾರ್ಥಿಗಳಿಗೂ ಅದರ ಬಾಗಿಲು ತೆರೆದಿತ್ತು. 2014-15ರಿಂದ 2021-22ರವರೆಗಿನ ಎಂಟು ವರ್ಷಗಳಲ್ಲಿ 6,722 ಮಂದಿ ಆಯ್ಕೆಯಾದರು, 738.85 ಕೋಟಿ ರೂಪಾಯಿ ವಿತರಣೆಯಾಯಿತು. 2022ರ ಡಿಸೆಂಬರ್ 8ರಂದು ಅಂದಿನ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿ, 2022-23ರಿಂದ ಯೋಜನೆಯನ್ನು ನಿಲ್ಲಿಸಲಾಗಿದೆ ಎಂದು ಲೋಕಸಭೆಗೆ ತಿಳಿಸಿದರು. ಅದು ಇತರ ಯೋಜನೆಗಳೊಂದಿಗೆ ಅತಿಕ್ರಮಿಸುತ್ತದೆ, ಅಲ್ಪಸಂಖ್ಯಾತ ವಿದ್ಯಾರ್ಥಿಗಳು ಹೇಗೂ ಅವುಗಳಲ್ಲಿ ಸೇರಿದ್ದಾರೆ ಎಂಬುದು ಕೊಟ್ಟ ಕಾರಣ.

ಈ ಕಾರಣವನ್ನು ಸ್ವಲ್ಪ ಪರಿಶೀಲಿಸೋಣ. ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಫೆಲೋಶಿಪ್ ಪಡೆಯಲು ನಿಯಮದಲ್ಲೇ ಅವಕಾಶವಿರಲಿಲ್ಲ. ಹಾಗಿರುವಾಗ ಬೊಕ್ಕಸಕ್ಕೆ ಎರಡು ಸಲ ಹೊರೆ ಬೀಳುವ ಪ್ರಶ್ನೆಯೇ ಇಲ್ಲ. ಹಿಂದುಳಿದ ವರ್ಗಗಳ ಫೆಲೋಶಿಪ್‌ನಲ್ಲಿ ಕೆಲವು ಮುಸ್ಲಿಮ್ ಸಮುದಾಯಗಳಿಗೂ ಅವಕಾಶವಿದೆ, ನಿಜ. ಆದರೆ ಇಲ್ಲಿ ಮುಚ್ಚಿದ ಸ್ಥಾನಗಳನ್ನು ಅಲ್ಲಿ ಕೂಡಿಸಿದರೆ ಮಾತ್ರ ಅದು ವಿಲೀನ, ಇಲ್ಲದಿದ್ದರೆ ಕಡಿತ. 2018-19ರಿಂದ ಈ ಫೆಲೋಶಿಪ್‌ಗೂ ನೆಟ್ ಪರೀಕ್ಷೆ ಕಡ್ಡಾಯವಾಗಿತ್ತು. ಅಂದರೆ ನೆಟ್ ಪಾಸಾಗಿಯೂ ಸ್ವಲ್ಪದರಲ್ಲಿ ಜೆಆರ್‌ಎಫ್ ತಪ್ಪಿಸಿಕೊಂಡವರಿಗೆ ಇದು ಆಸರೆಯಾಗಿತ್ತು. ಅಂಥವರಿಗೆ ಉಳಿದದ್ದೇನು? ನೆಟ್ ಇಲ್ಲದವರಿಗೆ ಯುಜಿಸಿ ಕೊಡುತ್ತಿದ್ದ ತಿಂಗಳ 8,000 ರೂಪಾಯಿಯೂ ಕೇಂದ್ರೀಯ ವಿಶ್ವವಿದ್ಯಾಲಯಗಳವರಿಗೆ. ಮಂಗಳೂರು, ಕುವೆಂಪು, ಧಾರವಾಡದ ಕರ್ನಾಟಕ ವಿವಿಗಳೆಲ್ಲ ರಾಜ್ಯದವು.

ಇನ್ನೊಂದು ಅಂಕಿ ಗಮನಿಸಿ. 2011ರ ಜನಗಣತಿಯಂತೆ ಮುಸ್ಲಿಮರು ಜನಸಂಖ್ಯೆಯ ಶೇ. 14.2. ಸರಕಾರದ್ದೇ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಅವರ ಪಾಲು ಶೇ. 4.6ರ ಆಸುಪಾಸು, ಸಂಖ್ಯೆ ಹಿಂದಿನ ವರ್ಷದ 21 ಲಕ್ಷದಿಂದ 19.21 ಲಕ್ಷಕ್ಕೆ ಇಳಿದಿತ್ತು. ಈ ಅಂಕಿಯ ಮುಂದೆ ನಿಂತು, ಇವರೆಲ್ಲ ಹೇಗೂ ಬೇರೆ ಯೋಜನೆಗಳಲ್ಲಿ ಸೇರಿದ್ದಾರೆ ಎನ್ನಲಾದೀತೇ?

ಈಗಾಗಲೇ ಆಯ್ಕೆಯಾದವರ ಫೆಲೋಶಿಪ್ ಮುಂದುವರಿಯುತ್ತದೆ ಎಂದಿತ್ತು ಸರಕಾರ. ಕಾಗದದ ಮೇಲೆ ಮುಂದುವರಿಯಿತು ಕೂಡ. ಆದರೆ 2025ರಲ್ಲಿ, ತಿಂಗಳುಗಟ್ಟಲೆ ಹಣ ಬಂದಿಲ್ಲವೆಂದು ಸಂಶೋಧನಾರ್ಥಿಗಳು ಬಹಿರಂಗವಾಗಿಯೇ ಅಳಲು ತೋಡಿಕೊಂಡರು. ವಿಜ್ಞಾನದ ವಿದ್ಯಾರ್ಥಿಗೆ ಇದರ ಹೊಡೆತ ಇಮ್ಮಡಿ. ಬೆಳಗಿನಿಂದ ರಾತ್ರಿಯವರೆಗೆ ಪ್ರಯೋಗಾಲಯದಲ್ಲಿರುವವಳು ಹೊರಗೆ ದುಡಿಯುವುದು ಯಾವಾಗ? ಬಿಟ್ಟ ಪ್ರಯೋಗ ಬಿಟ್ಟಲ್ಲೇ ಕಾಯುವುದಿಲ್ಲ. ಬೆಳೆಸಿದ ಜೀವಕೋಶಗಳು ಸಾಯುತ್ತವೆ. ಮಾದರಿ ಸಂಗ್ರಹಿಸಬೇಕಾದ ಮಳೆಗಾಲ ಕಳೆದುಹೋಗುತ್ತದೆ. ಸರಕಾರಕ್ಕೆ ಅದು ಮೂರು ತಿಂಗಳ ವಿಳಂಬ, ಅವಳಿಗೆ ಒಂದು ವರ್ಷದ ನಷ್ಟ. ಮದುವೆಗೆ ಅವಸರಿಸುವ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಆ ಒಂದು ವರ್ಷವೇ ಕೊನೆಯ ವರ್ಷವಾಗಿಬಿಡುವುದೂ ಉಂಟು.

ಇದು ಒಂದು ಸಮುದಾಯದ ಸಂಕಟ ಮಾತ್ರವೆಂದು ಯಾರೂ ಭಾವಿಸಬೇಕಿಲ್ಲ. ಎಳೆಯ ಪ್ರತಿಭೆಗಳನ್ನು ಮೂಲವಿಜ್ಞಾನಕ್ಕೆ ಸೆಳೆಯುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಲ್ಲಿ ಆರಂಭವಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದನ್ನು ನಡೆಸುತ್ತಿತ್ತು. 2022ರಲ್ಲಿ ಅದನ್ನು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಲಾಯಿತು. ಅದೇ ವರ್ಷದ ಜುಲೈಯಲ್ಲಿ, ಸಾರ್ವಜನಿಕ ಸಂಶೋಧನಾ ಸಂಸ್ಥೆಗಳು ಕೊಳ್ಳುವ ಉಪಕರಣಗಳಿಗಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ ರದ್ದಾಗಿ, ಹೆಚ್ಚಿನವು ಶೇ. 18ಕ್ಕೆ ಬಂದವು. ಒಂದು ಕೈಯಿಂದ ಕೊಟ್ಟ ಅನುದಾನವನ್ನು ಇನ್ನೊಂದು ಕೈಯಿಂದ ಕಸಿದುಕೊಂಡಂತೆ! 2023ರಲ್ಲಿ ಘೋಷಿಸಲಾದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಐದು ವರ್ಷಗಳ 50,000 ಕೋಟಿಯಲ್ಲಿ ಸರಕಾರ ತನ್ನ ಪಾಲೆಂದು ಹೇಳಿದ್ದು 14,000 ಕೋಟಿ. ಉಳಿದದ್ದು ಹೆಚ್ಚಾಗಿ ಖಾಸಗಿ ಮೂಲಗಳಿಂದ ಬರಬೇಕಿತ್ತು. ಲಾಭ ನೋಡುವ ಕಂಪೆನಿ, ಸಣ್ಣ ಊರಿನ ವಿವಿಯಲ್ಲಿ ಪಾಚಿಯ ಮೇಲೆ ಸಂಶೋಧನೆ ಮಾಡುವ ಹುಡುಗನನ್ನು ಹುಡುಕಿಕೊಂಡು ಬರುತ್ತದೆಯೇ?

ಒಳ್ಳೆಯದನ್ನು ಒಳ್ಳೆಯದೆನ್ನಲು ನಮಗೆ ಹಿಂಜರಿಕೆಯಿಲ್ಲ. 2023ರಲ್ಲಿ ಜೆಆರ್‌ಎಫ್ ಮೊತ್ತ 31,000ದಿಂದ 37,000ಕ್ಕೇರಿತು. 2025ರ ಜೂನ್‌ನಲ್ಲಿ ಪ್ರಯೋಗಾಲಯಗಳ ಖರೀದಿ ನಿಯಮಗಳೂ ಸಡಿಲಗೊಂಡವು. ಸಂಶೋಧಕರು ಒಟ್ಟಾಗಿ ಕೇಳಿದರೆ ನೀತಿ ಬದಲಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ಹಾಗೆಂದು ಸರಕಾರವನ್ನು ದೂರಿ ಸುಮ್ಮನಾದರೆ ಸಾಲದು. ನಮ್ಮ ಟ್ರಸ್ಟುಗಳು, ಜಮಾಅತ್‌ಗಳು ವೈದ್ಯಕೀಯ, ಇಂಜಿನಿಯರಿಂಗ್ ಸೀಟಿಗೆ ನೆರವಾಗುತ್ತವೆ, ಸನ್ಮಾನವನ್ನೂ ಮಾಡುತ್ತವೆ. ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವನ ಹಾಸ್ಟೆಲ್ ಶುಲ್ಕದ ಬಗ್ಗೆ ಎಷ್ಟು ಕಡೆ ವಿಚಾರಿಸಲಾಗಿದೆ? "ಇನ್ನೂ ಓದುತ್ತಿದ್ದಾನಾ?" ಎಂಬ ನಮ್ಮ ಪ್ರಶ್ನೆಯೂ ಒಂದು ಬಗೆಯ ರದ್ದತಿ ಆದೇಶವೇ.

ನಾವು ಕೇಳುವುದು ಔದಾರ್ಯವನ್ನಲ್ಲ. ಆಯ್ಕೆಯಾದವನಿಗೆ ತಿಂಗಳಿಗೆ ಸರಿಯಾಗಿ ಹಣ ಸಿಗಲಿ. ಒಂದು ಯೋಜನೆ ಮುಚ್ಚುವುದಾದರೆ ಅದರ ಸ್ಥಾನಗಳು ಎಲ್ಲಿಗೆ ಹೋದವು ಎಂಬ ಲೆಕ್ಕ ಸಿಗಲಿ. ಐದು ವರ್ಷಗಳ ಶ್ರಮವನ್ನು ಕೇಳುವ ವ್ಯವಸ್ಥೆ, ಐದು ವರ್ಷಗಳ ಭರವಸೆಯನ್ನಾದರೂ ಕೊಡಬೇಡವೇ?