ಹಂದಿಯ ಪಂಜರಕ್ಕೆ ಅಂಗಡಿಯ ಹೊಣೆ

ಸಾವಿರಗಟ್ಟಲೆ ಹಂದಿಗಳನ್ನು ಒಂದೇ ಸೂರಿನಡಿ ಸಾಕುವ ಅಮೆರಿಕದ ಉದ್ಯಮದಲ್ಲಿ ಗಬ್ಬದ ಹಂದಿಯ ಪಂಜರ ಸುಮಾರು 2 ಅಡಿ ಅಗಲ, 7 ಅಡಿ ಉದ್ದ. ಸುತ್ತ ಕಬ್ಬಿಣದ ಕಂಬಿ, ಕೆಳಗೆ ಹೊಲಸು ಇಳಿದುಹೋಗಲೆಂದು ಸಂದುಬಿಟ್ಟ ಕಾಂಕ್ರೀಟ್ ನೆಲ. ಗಬ್ಬದ ಅವಧಿ ಸುಮಾರು 114 ದಿನ. ಆ ಪಂಜರದಲ್ಲಿ ಹಂದಿ ಏಳಬಹುದು, ಮಲಗಬಹುದು, ಮೈ ತಿರುಗಿಸಲಾಗದು. ಈಯುವ ಹೊತ್ತಿಗೆ ಇನ್ನೊಂದು ಪಂಜರ. ಮರಿಗಳನ್ನು ಹಾಲು ಬಿಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ಗಬ್ಬ, ಮತ್ತೆ ಹಳೆಯ ಪಂಜರ. ಇದು ಎಂಥ ಪ್ರಾಣಿ ಎಂಬುದು ತಿಳಿಯದೆ ಮಾಡಿದ ಏರ್ಪಾಡಲ್ಲ. ಅಲೆಕ್ಸ್ ಸ್ಟೋಲ್ಬಾ ಮತ್ತು ಡೇವಿಡ್ ವುಡ್-ಗುಷ್ ಎಂಬ ವಿಜ್ಞಾನಿಗಳು ಎಡಿನ್‌ಬರೋ ಸಮೀಪ ಸಾಕಿದ ಹಂದಿಗಳನ್ನೇ ಮರಗಿಡಗಳಿರುವ ಬಯಲಿಗೆ ಬಿಟ್ಟು ವರ್ಷಗಟ್ಟಲೆ ಗಮನಿಸಿದರು. ಅವು ಹಗಲಿನ ಬಹುಪಾಲು ಹೊತ್ತು ಮೂತಿಯಿಂದ ನೆಲ ಕೆದಕುತ್ತ, ಮೇಯುತ್ತ ಕಳೆದವು. ಮಲಗುವ ಜಾಗವನ್ನು ಹೊಲಸು ಮಾಡಲಿಲ್ಲ. ಈಯುವ ದಿನ ಹತ್ತಿರವಾದಾಗ ತಾಯಿಹಂದಿ ಗುಂಪಿನಿಂದ ದೂರ ಹೋಗಿ ಹುಲ್ಲು, ರೆಂಬೆ ತಂದು ಗೂಡು ಕಟ್ಟಿತು. ಅದೆಷ್ಟೋ ತಲೆಮಾರುಗಳ ಸಾಕಣೆ ಕಾಡುಹಂದಿಯ ಆ ಸ್ವಭಾವವನ್ನು ಅಳಿಸಿರಲಿಲ್ಲ. ಪಂಜರದಲ್ಲಿ ಅದೇ ಹಂದಿ ಗಂಟೆಗಟ್ಟಲೆ ಕಂಬಿ ಕಚ್ಚುತ್ತದೆ, ಬಾಯಲ್ಲಿ ಏನೂ ಇಲ್ಲದಿದ್ದರೂ ಅಗಿಯುತ್ತದೆ.

ಇದಕ್ಕೆ ಯಾರು ಹೊಣೆ ಎಂದು ಕೇಳಿದರೆ ಬೆರಳು ಸಾಕುವವನತ್ತಲೋ ತಿನ್ನುವವನತ್ತಲೋ ಹೋಗುತ್ತದೆ. ಇಬ್ಬರ ನಡುವೆ ನಿಂತು, ಯಾವ ಬೆಲೆಗೆ ಯಾರಿಂದ ಕೊಳ್ಳಬೇಕೆಂದು ತೀರ್ಮಾನಿಸುವ ಸೂಪರ್‌ಮಾರ್ಕೆಟ್ ತಪ್ಪಿಸಿಕೊಳ್ಳುತ್ತದೆ. ಬ್ರಿಟನ್ನಿನ ಅನುಭವ ಇದನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಗಬ್ಬದ ಹಂದಿಯನ್ನು ಪಂಜರದಲ್ಲಿಡುವುದನ್ನು ಆ ದೇಶ 1999ರಿಂದ ನಿಷೇಧಿಸಿತು. ಕಾಯ್ದೆ ಕಟ್ಟಿಹಾಕಿದ್ದು ಸಾಕುವವರನ್ನು, ಮಾರುವವರನ್ನಲ್ಲ. ಯುರೋಪಿನ ಉಳಿದ ಬಹುಪಾಲು ದೇಶಗಳಲ್ಲಿ ಪಂಜರ ಕಾನೂನುಬದ್ಧವಾಗಿಯೇ ಇದ್ದುದರಿಂದ ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ ಅಗ್ಗದ ಮಾಂಸ ಬ್ರಿಟನ್ನಿನ ಅಂಗಡಿಗಳನ್ನು ತುಂಬಿತು. ಹತ್ತು ವರ್ಷಗಳಲ್ಲಿ ಅಲ್ಲಿಯ ತಾಯಿಹಂದಿಗಳ ಸಂಖ್ಯೆ ಅರ್ಧದ ಸಮೀಪಕ್ಕೆ ಇಳಿಯಿತು. ಪೌಂಡಿನ ಮೌಲ್ಯ ಏರಿದ್ದು, 2000ದ ಹಂದಿಜ್ವರ, ಮರುವರ್ಷದ ಕಾಲುಬಾಯಿ ಜ್ವರ ಇವೂ ಆ ಕುಸಿತಕ್ಕೆ ಕಾರಣ, ನಿಜ. ಆದರೂ ಉಳಿದ ಪಾಠ ಕಹಿಯಾದದ್ದು: ಒಳ್ಳೆಯ ರೀತಿಯಲ್ಲಿ ಸಾಕಿದವನು ನಷ್ಟ ಉಂಡ, ಪಂಜರ ಸಮುದ್ರದಾಚೆ ಉಳಿಯಿತು, ಅಂಗಡಿಯವನ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಯುರೋಪಿನ ಒಕ್ಕೂಟ ಇಂಥ ನಿಷೇಧ ತಂದದ್ದು 2013ರ ಜನವರಿಯಲ್ಲಿ. ಅದರಲ್ಲೂ ಗಬ್ಬಗಟ್ಟಿಸಿದ ಮೊದಲ ನಾಲ್ಕು ವಾರ ಪಂಜರಕ್ಕೆ ರಿಯಾಯಿತಿ ಉಂಟು.

ಹಾಗಾದರೆ ಮಾರುವವರು ತಾವಾಗಿಯೇ ಕೊಟ್ಟ ಮಾತು ಸಾಕೇ? ಮೆಕ್‌ಡೊನಾಲ್ಡ್ಸ್ ತನ್ನ ಅಮೆರಿಕದ ಪೂರೈಕೆಯಿಂದ ಈ ಪಂಜರಗಳನ್ನು ತೆಗೆಸುವುದಾಗಿ 2012ರಲ್ಲಿ ಘೋಷಿಸಿ, 2022ರ ಗಡುವು ಹಾಕಿಕೊಂಡಿತು. ಗಡುವು 2024ಕ್ಕೆ ಜರುಗಿತು. ಅದಕ್ಕಿಂತ ಮುಖ್ಯ, ಪೂರೈಸಬೇಕಾದ ಮಾತಿನ ಅಳತೆ ಏನೆಂಬುದು. ಗಬ್ಬ ಖಚಿತವಾದ ಹಂದಿಗಳು ಪಂಜರದಲ್ಲಿರಬಾರದು ಎಂಬುದು ಕಂಪನಿಯ ನಿಲುವು. ಖಚಿತವಾಗುವವರೆಗಿನ ನಾಲ್ಕಾರು ವಾರ ಆ ಲೆಕ್ಕಕ್ಕೆ ಸೇರುವುದಿಲ್ಲ. ಷೇರುದಾರ ಕಾರ್ಲ್ ಐಕಾನ್ 2022ರಲ್ಲಿ ಇದನ್ನು ಪ್ರಶ್ನಿಸಿ ಆಡಳಿತ ಮಂಡಳಿಗೆ ತಮ್ಮವರನ್ನು ನಿಲ್ಲಿಸಿದಾಗ ಸಿಕ್ಕ ಬೆಂಬಲ ಶೇ. 1ರಷ್ಟು. ಆ ಘೋಷಣೆಯಿಂದ ಏನೂ ಆಗಲಿಲ್ಲ ಎನ್ನಲಾರೆ. ದೊಡ್ಡ ಗಿರಾಕಿಯ ಒತ್ತಾಯದಿಂದ ಎಷ್ಟೋ ದೊಡ್ಡಿಗಳು ಗುಂಪಿನಲ್ಲಿ ಸಾಕುವ ಪದ್ಧತಿಗೆ ಬದಲಾಗಿವೆ. ಆದರೆ ಮಾತು ಕೊಟ್ಟವನೇ ಅದರ ಅರ್ಥವನ್ನೂ ಗಡುವನ್ನೂ ನಿರ್ಧರಿಸುವಾಗ ಹಂದಿಯ ಪಾಲಿಗೆ ದಕ್ಕುವುದು ಮಾತಿನ ಒಂದು ಭಾಗ ಮಾತ್ರ.

ಕ್ಯಾಲಿಫೋರ್ನಿಯ ಹಿಡಿದ ದಾರಿ ಬೇರೆ. 2018ರಲ್ಲಿ ಅಲ್ಲಿಯ ಮತದಾರರು ಶೇ. 60ಕ್ಕೂ ಹೆಚ್ಚು ಮತಗಳಿಂದ ಒಪ್ಪಿದ ‘ಪ್ರೊಪೊಸಿಷನ್ 12’ ಮಾರಾಟವನ್ನೇ ಹಿಡಿಯಿತು: ತಾಯಿಹಂದಿಗೆ ತಲಾ 24 ಚದರಡಿ ಜಾಗ ಕೊಡದ ಸಾಕಣೆಯ ಹಸಿ ಮಾಂಸವನ್ನು, ಅದು ಎಲ್ಲಿಂದಲೇ ಬಂದಿರಲಿ, ರಾಜ್ಯದಲ್ಲಿ ಮಾರುವಂತಿಲ್ಲ. ಅಮೆರಿಕದ ಹಂದಿಮಾಂಸದಲ್ಲಿ ಸುಮಾರು ಶೇ. 13ರಷ್ಟನ್ನು ತಿನ್ನುವ ಈ ರಾಜ್ಯ ತಾನು ಬೆಳೆಸುವುದು ತೀರಾ ಅತ್ಯಲ್ಪ. ಸಾಕಣೆಗೆ ಮಾತ್ರ ನಿಯಮ ಮಾಡಿದ್ದರೆ ವ್ಯರ್ಥವಾಗುತ್ತಿತ್ತು. ಉತ್ಪಾದಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಗೋರ್ಸಚ್ ಬರೆದ ತೀರ್ಪು 5–4ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಇಲ್ಲಿಯೂ ಕೊರತೆ ಇದೆ: ಈಯುವ ಐದು ದಿನ ಮುಂಚಿನಿಂದ ಹಾಲೂಡುವ ದಿನಗಳ ಕೊನೆಯವರೆಗೆ ಪಂಜರಕ್ಕೆ ವಿನಾಯಿತಿ ಕೊಟ್ಟಿದ್ದಾರೆ. ಆದರೆ ನಿಯಮದಿಂದ ನುಣುಚಿಕೊಳ್ಳಲು ಬೇರೆ ಊರಿನ ಅಗ್ಗದ ಮಾಂಸವಿಲ್ಲ.

ಇದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಬೆಲೆಯದ್ದು ಭಾರವಾದದ್ದು. ಕಾಯ್ದೆ ಜಾರಿಯಾದ ಮೇಲೆ ಕ್ಯಾಲಿಫೋರ್ನಿಯದಲ್ಲಿ ಹಂದಿಮಾಂಸದ ಬೆಲೆ ಏರಿದ್ದು ಸತ್ಯ, ಆ ಹೊರೆ ಬಡವರಿಗೆ ಹೆಚ್ಚು ತಟ್ಟುತ್ತದೆ. ಆದರೆ ಈವರೆಗಿನ ಅಗ್ಗದ ಬೆಲೆಯ ಒಂದು ಪಾಲನ್ನು ಹಂದಿ ತನ್ನ ಮೈಯಿಂದ ತೆರುತ್ತಿತ್ತು ಎಂಬುದನ್ನು ಬಿಟ್ಟು ಲೆಕ್ಕ ಹಾಕಬಾರದು. ಬಡವರ ಊಟದ ಪ್ರಶ್ನೆಗೆ ಉತ್ತರ ಕೂಲಿ, ನೆರವುಗಳಲ್ಲಿದೆಯೇ ಹೊರತು ಪಂಜರದಲ್ಲಿಲ್ಲ. ಗುಂಪಿನಲ್ಲಿ ಬಿಟ್ಟರೆ ಹಂದಿಗಳು ಕಾದಾಡುತ್ತವೆ ಎಂಬುದು ಇನ್ನೊಂದು ವಾದ. ಜಾಗ ಸಾಲದೆ, ಮೇವಿಗೆ ಮುಗಿಬೀಳಬೇಕಾಗಿ ಬಂದರೆ ಕಾದಾಡುತ್ತವೆ. ಒಂದೊಂದನ್ನೇ ಗುರುತಿಸಿ ಪಾಲು ಹಾಕುವ ಯಂತ್ರಗಳೂ ಹಾಸುಹುಲ್ಲೂ ಇರುವೆಡೆ ಆ ಸಮಸ್ಯೆ ಹತೋಟಿಗೆ ಬರುತ್ತದೆ. ತಾಯಿ ಮರಿಗಳ ಮೇಲೆ ಹೊರಳಿ ಕೊಲ್ಲುತ್ತದೆ ಎಂಬ ಭಯ ಸುಳ್ಳಲ್ಲ. ಈಯುವ ಪಂಜರವನ್ನೂ ಕೈಬಿಟ್ಟ ಸ್ವಿಟ್ಜರ್ಲೆಂಡಿನಲ್ಲಿ ನೂರಾರು ಸಾಕಣೆಗಳ ದಾಖಲೆ ಹೋಲಿಸಿದಾಗ, ಬಿಡುಬೀಸಾಗಿ ಇಟ್ಟೆಡೆ ಅದುಮಿ ಸತ್ತ ಮರಿಗಳು ಹೆಚ್ಚಿದ್ದವು, ಬೇರೆ ಕಾರಣಕ್ಕೆ ಸತ್ತವು ಕಡಿಮೆ ಇದ್ದವು. ಒಟ್ಟು ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಗಿರಾಕಿ ಕೇಳಿದ್ದನ್ನಷ್ಟೇ ನಾವು ಮಾರುತ್ತೇವೆ ಎನ್ನುವ ಅಂಗಡಿಯವರಿಗೆ ಜರ್ಮನಿ ಒಂದು ಉತ್ತರ. ಅಲ್ಲಿಯ ದೊಡ್ಡ ಸರಪಳಿ ಅಂಗಡಿಗಳು 2015ರಿಂದ ತಾವು ಮಾರಿದ ಪ್ರತಿ ಕಿಲೋ ಮಾಂಸಕ್ಕೆ 4 ಸೆಂಟ್, ಮುಂದೆ 6.25 ಸೆಂಟ್ ನಿಧಿಗೆ ಹಾಕಿ ಸಾಕುವವರಿಗೆ ಹಂಚಿದವು. 2019ರಲ್ಲಿ ಸಾಕುವ ರೀತಿಯನ್ನು ಹಂತ ಹಂತವಾಗಿ ತೋರಿಸುವ ಗುರುತನ್ನು ಪೊಟ್ಟಣದ ಮೇಲೆ ತಂದವು. 2030ರ ಹೊತ್ತಿಗೆ ಹಸಿ ಮಾಂಸದಲ್ಲಿ ಕೆಳಗಿನ ಎರಡು ದರ್ಜೆಗಳನ್ನು ಕೈಬಿಡುವುದಾಗಿ ಅವುಗಳಲ್ಲೊಂದಾದ ಆಲ್ಡಿ 2021ರಲ್ಲಿ ಹೇಳಿದೆ. ಏನು ಮಾರಬೇಕೆಂದು ಅಂಗಡಿಯೇ ಆರಿಸಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಡ. ಆದರೆ 2023ರಲ್ಲಿ ಜರ್ಮನ್ ಸರ್ಕಾರ ಹಂದಿಮಾಂಸಕ್ಕೆ ಕಡ್ಡಾಯ ಮಾಡಿದ ಗುರುತು ಕೊಬ್ಬಿಸುವ ಹಂತಕ್ಕೆ ಮಾತ್ರ ಅನ್ವಯಿಸುತ್ತದೆ. ತಾಯಿಹಂದಿ ಅದರ ಹೊರಗಿದೆ. ಎಲ್ಲರಿಗಿಂತ ಹೆಚ್ಚು ಕಾಲ ಸೆರೆಯಲ್ಲಿರುವ ಪ್ರಾಣಿಯನ್ನೇ ಬಿಟ್ಟ ಗುರುತು ಕೊಳ್ಳುವವರಿಗೆ ಅರೆಸತ್ಯ ಹೇಳುತ್ತದೆ. ಅಂಗಡಿ ತನ್ನ ಖರೀದಿ ಕರಾರಿನಲ್ಲಿ ತಾಯಿಹಂದಿಯನ್ನು ಗಬ್ಬಗಟ್ಟಿಸಿದ ದಿನದಿಂದ ಹಾಲು ಬಿಡಿಸುವವರೆಗೆ ಹೇಗೆ ಇಡಬೇಕೆಂದು ಬರೆಯಬೇಕು, ಅದರ ಖರ್ಚನ್ನು ಸಾಕುವವನಿಗೆ ಕೊಡಬೇಕು, ಎಷ್ಟು ಪಾಲು ಪಾಲನೆಯಾಯಿತೆಂದು ವರ್ಷವರ್ಷವೂ ಹೊರಗಿನವರ ತಪಾಸಣೆಯೊಂದಿಗೆ ಪ್ರಕಟಿಸಬೇಕು. ಇದಕ್ಕೆ ಒಪ್ಪದವರಿಗೆ ಕ್ಯಾಲಿಫೋರ್ನಿಯದಂಥ ಕಾಯ್ದೆಯೇ ಸರಿ.